ಬೀಪಿ ನಾರ್ಮಲ್ ಇತ್ತು, ಆದರೂ ಅಮ್ಮ ಕುಸಿದು ಬಿದ್ದಿದ್ದು ಯಾಕೆ?

ಓದುಗರ ಪ್ರಶ್ನೆ: ನನ್ನ ತಾಯಿಗೆ 64 ವರ್ಷ, ತೂಕ ಸುಮಾರು 60 ಕೆಜಿ. ಬೀಪಿಗೆ ಹತ್ತು ವರ್ಷದಿಂದ ಮೆಟೊಪ್ರೊಲಾಲ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಮಂಡಿ ನೋವಿಗೆ ಆಗಾಗ ಡೈಕ್ಲೋಫೆನಾಕ್. ಹೋದ ತಿಂಗಳು ಎರಡು ದಿನ ಮಲ ಕಪ್ಪಗೆ ಹೋಗುತ್ತಿದೆ ಅಂದರು, ನಾವು ತಲೆ ಕೆಡಿಸಿಕೊಳ್ಳಲಿಲ್ಲ. ಮೂರನೇ ದಿನ ಬೆಳಿಗ್ಗೆ ಬಚ್ಚಲಿನಿಂದ ಬರುವಾಗ ತಲೆ ಸುತ್ತಿ ಗೋಡೆ ಹಿಡಿದು ನಿಂತರು. ಮೈ ತಣ್ಣಗಿತ್ತು, ಬೆವರಿತ್ತು. ಮನೆಯ ಮೆಷಿನ್ನಿನಲ್ಲಿ ಬೀಪಿ 112/84, ಪಲ್ಸ್ 82. ಎಂದಿನ ಬೀಪಿ 150ರ ಆಸುಪಾಸು ಇರುತ್ತದೆ, ಇವತ್ತು ಕಂಟ್ರೋಲಿನಲ್ಲಿದೆ ಅಂತ ಖುಷಿಯೇ ಆಯಿತು. ಕುರ್ಚಿಯಲ್ಲಿ ಕೂರಿಸಿ ಸಕ್ಕರೆ ನೀರು ಕೊಟ್ಟೆವು. ಸಂಜೆ ಕುಸಿದು ಬಿದ್ದರು. ಆಸ್ಪತ್ರೆಯಲ್ಲಿ ಹೈಪೊವೊಲೆಮಿಕ್ ಶಾಕ್ ಅಂದರು, ಹೊಟ್ಟೆಯೊಳಗೆ ಹುಣ್ಣಿನಿಂದ ರಕ್ತ ಹೋಗಿದೆ ಅಂದರು. ಸೇರಿಸಿದಾಗ ಹಿಮೋಗ್ಲೋಬಿನ್ 10.4 ಇತ್ತು, ಮರುದಿನ 6.8. ಅಲ್ಲೇ ಏನೋ ಎಡವಟ್ಟಾಗಿದೆ, ಸಲೈನ್ ಜಾಸ್ತಿ ಹಾಕಿ ರಕ್ತ ತೆಳು ಮಾಡಿದರು ಅಂತ ನಮ್ಮ ಅಣ್ಣ ಇವತ್ತಿಗೂ ಸಿಟ್ಟಿನಲ್ಲಿದ್ದಾನೆ. ಮೂತ್ರದ ತೊಂದರೆ ಇಲ್ಲದಿದ್ದರೂ ಟ್ಯೂಬ್ ಹಾಕಿದರು. ರಕ್ತ ನಿಲ್ಲಿಸುವ ಇಂಜೆಕ್ಷನ್ ಕೊಡಿ ಅಂದರೆ ಬೇಡ ಅಂದರು. ಈಗ ಮನೆಗೆ ಬಂದಿದ್ದಾರೆ. ಬೀಪಿ ನಾರ್ಮಲ್ ಇದ್ದಾಗ ಶಾಕ್ ಹೇಗೆ ಆಗುತ್ತದೆ? ನಾವು ಮಾಡಿದ್ದರಲ್ಲಿ ತಪ್ಪೇನು? ಬೀಪಿ ಮಾತ್ರೆ ನಿಲ್ಲಿಸಬೇಕಾ? ಮನೆಯಲ್ಲಿ ಎರಡು ವರ್ಷದ ಮಗುವೂ ಇದೆ, ವಾಂತಿ ಭೇದಿಯಿಂದಲೂ ಇದೇ ಶಾಕ್ ಆಗುತ್ತದೆ ಅನ್ನುತ್ತಾರೆ, ನಿಜವಾ?

ಉತ್ತರ:

ಮೊದಲು ನಿಮ್ಮ ಅಣ್ಣನ ಸಿಟ್ಟಿನ ವಿಷಯ ಮುಗಿಸಿಬಿಡೋಣ. ಮನೆಯಲ್ಲಿ ಅದು ಕೂತುಬಿಟ್ಟರೆ ಮುಂದಿನ ಚಿಕಿತ್ಸೆಗೂ ಅಡ್ಡ ಬರುತ್ತದೆ. ಹಿಮೋಗ್ಲೋಬಿನ್ ಅನ್ನುವುದು ಮೈಯಲ್ಲಿ ಎಷ್ಟು ರಕ್ತ ಇದೆ ಅಂತ ಹೇಳುವ ಲೆಕ್ಕ ಅಲ್ಲ. ಇರುವ ರಕ್ತ ಎಷ್ಟು ಗಟ್ಟಿ ಇದೆ ಅಂತ ಹೇಳುವ ಲೆಕ್ಕ. ಒಂದು ಪಾತ್ರೆ ಸಾರಿನಲ್ಲಿ ಅರ್ಧ ಚೆಲ್ಲಿಹೋಯಿತು ಅಂದುಕೊಳ್ಳಿ. ಉಳಿದ ಅರ್ಧದ ರುಚಿ ಬದಲಾಗುತ್ತದಾ? ಇಲ್ಲ ಅಲ್ವಾ. ರಕ್ತವೂ ಹಾಗೇ. ಕೆಂಪು ಕಣ, ನೀರಿನಂಶ ಎರಡೂ ಒಟ್ಟಿಗೆ ಹೋಗುವುದರಿಂದ ಮೊದಲ ಕೆಲವು ಗಂಟೆ ಹಿಮೋಗ್ಲೋಬಿನ್ ಹೆಚ್ಚು ಕಡಿಮೆ ಮೊದಲಿದ್ದಷ್ಟೇ ತೋರಿಸುತ್ತದೆ. ಆಮೇಲೆ ದೇಹ ಸುತ್ತಲಿನ ಅಂಗಾಂಶದಿಂದ ನೀರನ್ನು ರಕ್ತನಾಳಕ್ಕೆ ಎಳೆದುಕೊಳ್ಳುತ್ತದೆ, ವೈದ್ಯರು ಸಲೈನ್ ಹಾಕುತ್ತಾರೆ, ಆಗ ಚೆಲ್ಲಿಹೋದದ್ದು ಲೆಕ್ಕಕ್ಕೆ ಬರುತ್ತದೆ. 6.8 ಆಗಿದ್ದು ಆಸ್ಪತ್ರೆಯ ಆ ರಾತ್ರಿ ಮಾತ್ರ ಅಲ್ಲ, ಮನೆಯಲ್ಲಿ ಕಳೆದ ಆ ಎರಡು ಮೂರು ದಿನದಲ್ಲಿ. ಕಾಗದದ ಮೇಲೆ ಬಂದಿದ್ದು ಮರುದಿನ, ಅಷ್ಟೇ. ರಾತ್ರಿ ಇನ್ನಷ್ಟು ರಕ್ತ ಹೋಗಿರಲೂಬಹುದು, ಅದಕ್ಕೇ ಪದೇಪದೇ ಪರೀಕ್ಷೆ ಮಾಡುವುದು. ಆದರೆ ಇಳಿಯಿತು ಅನ್ನುವ ಒಂದೇ ಕಾರಣಕ್ಕೆ ಅಲ್ಲಿ ತಪ್ಪಾಗಿದೆ ಅನ್ನಲಾಗದು.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ನಿಜ ಹೇಳಬೇಕೆಂದರೆ, ಇಷ್ಟು ವರ್ಷ ತುರ್ತು ಚಿಕಿತ್ಸಾ ವಿಭಾಗದಲ್ಲಿ ಕೆಲಸ ಮಾಡಿದ ಮೇಲೆ ನನಗೆ ಅತ್ಯಂತ ಭಯ ಹುಟ್ಟಿಸುವ ಮಾತು 'ಬೀಪಿ ನಾರ್ಮಲ್ ಇದೆ' ಅನ್ನುವುದೇ. ಕಡಿಮೆ ಇದೆ ಅಂದರೆ ಎಲ್ಲರೂ ಓಡುತ್ತಾರೆ. ನಾರ್ಮಲ್ ಅಂದರೆ ಕುರ್ಚಿ ಹಾಕಿ ಕೂರಿಸುತ್ತಾರೆ.

ಶಾಕ್ ಅಂದರೆ ಮನಸ್ಸಿಗೆ ಆಘಾತ ಆಗುವುದಲ್ಲ, ಕರೆಂಟ್ ಹೊಡೆಯುವುದೂ ಅಲ್ಲ. ದೇಹದ ಅಂಗಗಳಿಗೆ ಬೇಕಾದಷ್ಟು ರಕ್ತ, ಅದರ ಜೊತೆ ಆಮ್ಲಜನಕ ತಲುಪದ ಸ್ಥಿತಿ. ಹೃದಯ ಸೋತರೂ ಹೀಗಾಗುತ್ತದೆ, ರಕ್ತನಾಳಗಳು ಸಡಿಲಾದರೂ ಆಗುತ್ತದೆ. ನಿಮ್ಮ ತಾಯಿಗೆ ಆಗಿದ್ದು ಮೂರನೇ ಬಗೆ, ಹೈಪೊವೊಲೆಮಿಕ್, ಅಂದರೆ ನಾಳಗಳಲ್ಲಿ ರಕ್ತವೇ ಕಡಿಮೆಯಾಗುವುದು. ಪಂಪ್ ಚೆನ್ನಾಗಿದೆ, ಬಾವಿಯಲ್ಲಿ ನೀರಿಲ್ಲ.

60 ಕೆಜಿ ತೂಕದವರಲ್ಲಿ ಸುಮಾರು 4 ಲೀಟರ್ ರಕ್ತ ಇರುತ್ತದೆ, ಒಂದು ಕೆಜಿಗೆ ಹತ್ತಿರ ಹತ್ತಿರ 70 ಮಿಲಿ. ರಕ್ತದಾನದಲ್ಲಿ 350 ಅಥವಾ 450 ಮಿಲಿ ತೆಗೆಯುತ್ತಾರೆ, ಆರೋಗ್ಯವಂತರಿಗೆ ಅದು ಗೊತ್ತೇ ಆಗುವುದಿಲ್ಲ. ಒಟ್ಟು ರಕ್ತದ ಶೇ 15ರವರೆಗೆ ಹೋದರೂ ದೇಹ ಸುಮ್ನೆ ನಿಭಾಯಿಸುತ್ತದೆ. ಶೇ 15ರಿಂದ 30ರ ನಡುವೆ ನಾಡಿ ಜೋರಾಗುತ್ತದೆ, ಉಸಿರು ಸ್ವಲ್ಪ ವೇಗವಾಗುತ್ತದೆ, ಏನೋ ಕಳವಳ, ಬಾಯಾರಿಕೆ. ಬೀಪಿಯ ಮೇಲಿನ ಸಂಖ್ಯೆ ಇನ್ನೂ ಕೆಳಗೆ ಬಂದಿರುವುದಿಲ್ಲ! ಸಾಮಾನ್ಯವಾಗಿ ಅದು ಬೀಳುವುದು ಶೇ 30 ದಾಟಿದ ಮೇಲೆ. ನಿಮ್ಮ ತಾಯಿಯ ಲೆಕ್ಕದಲ್ಲಿ ಹೇಳುವುದಾದರೆ ಒಂದೂಕಾಲು ಲೀಟರ್ ಹತ್ತಿರ ಹೋದಮೇಲೆ. ಶೇ 40 ದಾಟಿದರೆ ಮಂಪರು, ಆಮೇಲೆ ಹೃದಯವೇ ನಿಲ್ಲುವ ಹಂತ. ಈ ಗೆರೆಗಳು ಪುಸ್ತಕದ ಗೆರೆಗಳು, ಎಲ್ಲರ ಮೈ ಅದನ್ನು ಓದಿಕೊಂಡು ನಡೆಯುವುದಿಲ್ಲ. ವಯಸ್ಸಾದವರಲ್ಲಿ ಇದಕ್ಕಿಂತ ಮೊದಲೇ ಬೀಳಬಹುದು.

ಬೀಪಿ ಅಷ್ಟು ಹೊತ್ತು ನಿಂತಿರುವುದು ಹೇಗೆ? ತೋಟಕ್ಕೆ ನೀರು ಬಿಡುವ ಪೈಪಿನ ಬಾಯನ್ನು ಬೆರಳಿನಿಂದ ಅರ್ಧ ಮುಚ್ಚಿದರೆ ನೀರು ದೂರಕ್ಕೆ ಚಿಮ್ಮುತ್ತದೆ, ಒತ್ತಡ ಇದೆ, ಆದರೆ ಬರುವ ನೀರು ಕಡಿಮೆ. ದೇಹ ಇದನ್ನೇ ಮಾಡುತ್ತದೆ. ಕುತ್ತಿಗೆಯ ದೊಡ್ಡ ರಕ್ತನಾಳದಲ್ಲಿ, ಎದೆಯ ಮಹಾಧಮನಿಯಲ್ಲಿ ಒತ್ತಡ ಅಳೆಯುವ ನರತುದಿಗಳಿವೆ. ಒತ್ತಡ ಒಂಚೂರು ಕುಗ್ಗಿದರೂ ಅವು ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ, ಅಡ್ರಿನಲಿನ್ ಸುರಿಯುತ್ತದೆ, ಚರ್ಮ, ಕರುಳು, ಮೂತ್ರಪಿಂಡದ ಕಡೆ ಹೋಗುವ ಸಣ್ಣ ನಾಳಗಳು ಬಿಗಿಯುತ್ತವೆ, ಇರುವ ರಕ್ತವನ್ನು ಹೃದಯಕ್ಕೂ ಮಿದುಳಿಗೂ ಕಾದಿಡಲಾಗುತ್ತದೆ. ಚರ್ಮಕ್ಕೆ ರಕ್ತ ಇಲ್ಲ, ಅದಕ್ಕೇ ಮೈ ತಣ್ಣಗೆ, ಬಿಳಿಚಿಕೊಂಡ ಮುಖ. ಅಡ್ರಿನಲಿನ್ನಿಂದ ಬೆವರು. ಮೂತ್ರಪಿಂಡಕ್ಕೆ ರಕ್ತ ಕಡಿಮೆ, ಅದಕ್ಕೇ ಮೂತ್ರ ಕಡಿಮೆ. ಆವತ್ತು ಬೆಳಿಗ್ಗೆ ನಿಮ್ಮ ತಾಯಿಯ ಮೈ ಎಲ್ಲವನ್ನೂ ಹೇಳುತ್ತಿತ್ತು. ಮೆಷಿನ್ ಮಾತ್ರ ಹೇಳಲಿಲ್ಲ.

ಆದರೆ ಮೆಷಿನ್ನೂ ಪೂರ್ತಿ ಸುಳ್ಳು ಹೇಳಿರಲಿಲ್ಲ ಅನ್ನುವುದು ಇದರಲ್ಲಿನ ತಮಾಷೆ. ಮೂರು ವಿಷಯ ನೋಡಿ. ಒಂದು, ಸದಾ 150 ಇರುವವರಿಗೆ 112 ನಾರ್ಮಲ್ ಅಲ್ಲ. ಅದು 38 ಅಂಕಗಳ ಕುಸಿತ. ಪುಸ್ತಕದ ನಾರ್ಮಲ್ ಬೇರೆ, ಅವರ ನಾರ್ಮಲ್ ಬೇರೆ. ಎರಡು, 112/84ರಲ್ಲಿ ಮೇಲಿನ ಮತ್ತು ಕೆಳಗಿನ ಸಂಖ್ಯೆಯ ನಡುವಿನ ಅಂತರ ಬರೀ 28. ರಕ್ತ ಕಳೆದುಕೊಂಡಾಗ ಹೃದಯ ಪ್ರತಿ ಬಡಿತಕ್ಕೆ ತಳ್ಳುವ ರಕ್ತ ಕಡಿಮೆ, ನಾಳಗಳು ಬಿಗಿದಿರುವುದರಿಂದ ಕೆಳಗಿನ ಸಂಖ್ಯೆ ಮೇಲೇ ಇರುತ್ತದೆ, ಹಾಗಾಗಿ ಈ ಅಂತರ ಕಿರಿದಾಗುತ್ತದೆ. ಬೀಪಿ ಬೀಳುವ ಮುಂಚೆ ಕಾಣುವ ಸುಳಿವು ಇದು, ಮನೆಯವರು ಬಿಡಿ, ಎಷ್ಟೋ ಸಲ ನಾವೇ ಗಮನಿಸುವುದಿಲ್ಲ. ಮೂರನೆಯದು ಪಲ್ಸ್ 82. ಇಲ್ಲಿ ನಿಮಗೆ ಮೋಸ ಮಾಡಿದ್ದು ಮೆಟೊಪ್ರೊಲಾಲ್. ಅದರ ಕೆಲಸವೇ ಅಡ್ರಿನಲಿನ್ ಎಷ್ಟು ಕೂಗಿದರೂ ಹೃದಯ ಓಡದ ಹಾಗೆ ತಡೆಯುವುದು. ಮಾತ್ರೆ ಇಲ್ಲದಿದ್ದರೆ ಅವತ್ತು ನಾಡಿ ಬಹುಶಃ 110, 120 ಇರುತ್ತಿತ್ತು, ನಿಮಗೂ ಗಾಬರಿ ಆಗುತ್ತಿತ್ತು.

ನಾವು ಒಂದು ಸುಲಭ ಲೆಕ್ಕ ಬಳಸುತ್ತೇವೆ, ನಾಡಿಯನ್ನು ಬೀಪಿಯ ಮೇಲಿನ ಸಂಖ್ಯೆಯಿಂದ ಭಾಗಿಸುವುದು. ಆರೋಗ್ಯವಂತ ವಯಸ್ಕರಲ್ಲಿ ಅದು 0.5ರಿಂದ 0.7. ಎರಡೂ ಸಮ ಆಗುತ್ತಾ ಬಂದರೆ, ಅಂದರೆ 0.9 ದಾಟಿದರೆ, ಗಂಭೀರ. ನಿಮ್ಮ ತಾಯಿಯದು 0.73. ಅಂದರೆ ಈ ಲೆಕ್ಕವನ್ನೂ ಮಾತ್ರೆ ಕೆಡಿಸಿತ್ತು. ಹೀಗೆ ಸುಳಿವು ಮುಚ್ಚಿಡುವವರು ಇನ್ನೂ ಇದ್ದಾರೆ. ತುಂಬು ಗರ್ಭಿಣಿಯರಲ್ಲಿ ರಕ್ತದ ಪ್ರಮಾಣವೇ ಶೇ 40ರಿಂದ 50ರಷ್ಟು ಜಾಸ್ತಿ ಇರುವುದರಿಂದ ಬಹಳ ಹೋಗುವ ತನಕ ಮುಖದಲ್ಲಿ ತೋರುವುದಿಲ್ಲ. ಕ್ರೀಡಾಪಟುಗಳ ನಾಡಿ ಮೊದಲೇ ನಿಧಾನ. ಮಕ್ಕಳ ಕಥೆ ಕೊನೆಗೆ ಹೇಳುತ್ತೇನೆ.

ಇದನ್ನು ನಾನು ಕಲಿತಿದ್ದು ಪುಸ್ತಕದಿಂದ ಅಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಹುಡುಗ ಬೈಕಿನಿಂದ ಬಿದ್ದು ನಡೆದುಕೊಂಡೇ ಬಂದಿದ್ದ. ಮೈಮೇಲೆ ತರಚು ಗಾಯ ಬಿಟ್ಟರೆ ಏನೂ ಇಲ್ಲ. ಬೀಪಿ 118. ನೀರು ಕೊಡಿ, ನೀರು ಕೊಡಿ ಅಂತ ಪೀಡಿಸುತ್ತಿದ್ದ, ಒಂದು ಕಡೆ ಮಲಗುತ್ತಿರಲಿಲ್ಲ. ನಾನು ಅವನನ್ನು ಗದರಿಸಿದೆ. ಹಿರಿಯ ನರ್ಸ್ ಒಬ್ಬರು ಬಂದು ಅವನ ಅಂಗೈ ಮುಟ್ಟಿ ನೋಡಿ, ಡಾಕ್ಟ್ರೇ, ಇವನನ್ನ ಮೊದಲು ಸ್ಕ್ಯಾನ್ ಮಾಡಿಸಿ ಅಂದರು. ಗುಲ್ಮ, ಅಂದರೆ ಹೊಟ್ಟೆಯ ಎಡಭಾಗದಲ್ಲಿರುವ ಸ್ಪ್ಲೀನ್, ಒಡೆದು ಹೊಟ್ಟೆ ತುಂಬ ರಕ್ತ ಇತ್ತು. ಅವನು ಬದುಕಿದ, ನನ್ನಿಂದಲ್ಲ. ಆವತ್ತಿನಿಂದ ನಾನು ಯಾವ ರೋಗಿಯ ಹತ್ತಿರ ಹೋದರೂ ಮೊದಲು ಕೈ ಹಿಡಿಯುತ್ತೇನೆ, ಆಮೇಲೆ ಮಾನಿಟರ್ ನೋಡುತ್ತೇನೆ.

ರಕ್ತ ಕಣ್ಣಿಗೆ ಕಾಣಲೇ ಇಲ್ಲವಲ್ಲ ಅಂತ ನಿಮಗೆ ಅನಿಸಿರಬಹುದು. ಕಂಡಿತ್ತು, ಕಪ್ಪು ಬಣ್ಣದಲ್ಲಿ. ಜಠರದಲ್ಲಿ ಸೋರಿದ ರಕ್ತ ಆಮ್ಲಕ್ಕೆ ಸಿಕ್ಕಿ, ಕರುಳಿನುದ್ದಕ್ಕೂ ಜೀರ್ಣವಾಗಿ ಹೊರಗೆ ಬರುವಾಗ ಟಾರಿನ ಹಾಗೆ ಕಪ್ಪಗೆ, ಅಂಟಂಟಾಗಿ, ಒಂದು ಥರದ ಕೆಟ್ಟ ವಾಸನೆಯೊಂದಿಗೆ ಬರುತ್ತದೆ. ಡೈಕ್ಲೋಫೆನಾಕ್ ತರದ ನೋವಿನ ಮಾತ್ರೆಗಳು ಜಠರದ ಒಳಪದರವನ್ನು ಕಾಯುವ ಲೋಳೆಯನ್ನು ಕಡಿಮೆ ಮಾಡುತ್ತವೆ, ಹುಣ್ಣಾಗುತ್ತದೆ, ಹುಣ್ಣಿನ ತಳದಲ್ಲಿ ಒಂದು ರಕ್ತನಾಳ ಸಿಕ್ಕಿಬಿಟ್ಟರೆ ಮುಗಿಯಿತು. ನೋವಿನ ಮಾತ್ರೆಯೇ ನೋವನ್ನೂ ಮುಚ್ಚುವುದರಿಂದ ಎಷ್ಟೋ ಜನರಿಗೆ ಹೊಟ್ಟೆನೋವು ಬರುವುದೇ ಇಲ್ಲ. ಹೀಗೆ ಒಳಗೊಳಗೇ ಲೀಟರುಗಟ್ಟಲೆ ರಕ್ತ ಬಚ್ಚಿಟ್ಟುಕೊಳ್ಳುವ ಜಾಗ ದೇಹದಲ್ಲಿ ಬೇಕಾದಷ್ಟಿವೆ. ಎದೆಗೂಡು, ಹೊಟ್ಟೆ, ಸೊಂಟದ ಮೂಳೆಯ ಗೂಡು. ತೊಡೆಯ ಮೂಳೆ ಮುರಿದರೆ ಚರ್ಮ ಒಡೆಯದಿದ್ದರೂ ಒಂದರಿಂದ ಒಂದೂವರೆ ಲೀಟರ್ ತೊಡೆಯೊಳಗೇ ಹೋಗಬಹುದು. ಮುಟ್ಟು ನಿಂತ ಕೆಲವು ವಾರದಲ್ಲಿ ಯುವತಿಗೆ ಕಿಬ್ಬೊಟ್ಟೆ ನೋವು ಬಂದು ತಲೆ ಸುತ್ತಿ ಬಿದ್ದರೆ, ಗರ್ಭ ಗರ್ಭಕೋಶದ ಬದಲು ಅಂಡನಾಳದಲ್ಲಿ ಕಟ್ಟಿ ಒಡೆದಿರಬಹುದು ಅಂತಲೇ ಮೊದಲು ಯೋಚಿಸಬೇಕು. ಭುಜದ ತುದಿಯಲ್ಲಿ ನೋವು ಅಂದರೆ ಇನ್ನೂ ಅನುಮಾನ ಜಾಸ್ತಿ, ಹೊಟ್ಟೆಯೊಳಗಿನ ರಕ್ತ ವಪೆಯನ್ನು, ಅಂದರೆ ಎದೆ ಹೊಟ್ಟೆಯ ನಡುವಿನ ಸ್ನಾಯುಪದರವನ್ನು, ಕೆರಳಿಸಿದರೆ ನೋವು ಅಲ್ಲಿ ಕಾಣಿಸುತ್ತದೆ.

ರಕ್ತವೇ ಹೋಗಬೇಕು ಅಂತಲೂ ಇಲ್ಲ. ಸುಟ್ಟ ಗಾಯ ಮೈಯ ಶೇ 20 ದಾಟಿದರೆ ರಕ್ತದ ನೀರಿನಂಶ ನಾಳಗಳಿಂದ ಸೋರುತ್ತದೆ. ಡೆಂಗಿಯಲ್ಲೂ ಅದೇ ಸೋರಿಕೆ, ಅದೂ ಜ್ವರ ಇಳಿಯುವ ಹೊತ್ತಿಗೆ, ಸದ್ಯ ಗುಣವಾಯಿತು ಅಂತ ಎಲ್ಲರೂ ಉಸಿರು ಬಿಡುವ ಹೊತ್ತಿಗೇ. ಮೇದೋಜೀರಕದ ಉರಿಯೂತ, ಕರುಳು ಕಟ್ಟಿಕೊಳ್ಳುವುದು, ಸಕ್ಕರೆ ಕಾಯಿಲೆ ವಿಪರೀತಕ್ಕೆ ಹೋಗಿ ಮೂತ್ರದಲ್ಲೇ ನೀರೆಲ್ಲ ಹರಿದುಹೋಗುವುದು, ಇವೂ ಇದೇ ದಾರಿ.

ನೀವು ಮಾಡಿದ್ದರಲ್ಲಿ ತಪ್ಪೇನು? ಸಕ್ಕರೆ ನೀರಿನಿಂದ ಏನೂ ಆಗಿಲ್ಲ, ಅದನ್ನು ಮನಸ್ಸಿನಿಂದ ತೆಗೆದುಹಾಕಿ. ಒಳಗೆ ರಕ್ತಸ್ರಾವದ ಅನುಮಾನ ಇದ್ದಾಗ ಬಾಯಿಗೆ ಏನೂ ಕೊಡಬೇಡಿ ಅನ್ನುವುದು ಯಾಕೆಂದರೆ, ಎಂಡೋಸ್ಕೋಪಿಯೋ (ಬಾಯಿಂದ ಕ್ಯಾಮೆರಾ ಇರುವ ನಳಿಕೆ ಇಳಿಸಿ ಹೊಟ್ಟೆಯೊಳಗೆ ನೋಡುವುದು) ಆಪರೇಷನ್ನೋ ಬೇಕಾಗಬಹುದು, ಎಚ್ಚರ ತಪ್ಪಿದರೆ ವಾಂತಿ ಶ್ವಾಸಕೋಶಕ್ಕೆ ಹೋಗಬಹುದು. ಒಂದು ಲೋಟ ನೀರು ಹುಣ್ಣನ್ನು ದೊಡ್ಡದು ಮಾಡುವುದಿಲ್ಲ. ಕುರ್ಚಿಯಲ್ಲಿ ಕೂರಿಸಿದ್ದು ಮಾತ್ರ ಸರಿಯಲ್ಲ. ರಕ್ತ ಕಡಿಮೆ ಇರುವವರನ್ನು ಕೂರಿಸಿದರೆ, ನಿಲ್ಲಿಸಿದರೆ ಇರುವ ರಕ್ತ ಕಾಲಿಗೆ ಇಳಿಯುತ್ತದೆ, ಮಿದುಳಿಗೆ ಇನ್ನೂ ಕಡಿಮೆ. ನೆಲದ ಮೇಲೋ ಮಂಚದ ಮೇಲೋ ಅಂಗಾತ ಮಲಗಿಸಬೇಕಿತ್ತು, ವಾಂತಿ ಬರುವ ಹಾಗಿದ್ದರೆ ಮಗ್ಗುಲಿಗೆ. ಕಾಲು ಎತ್ತಿ ಹಿಡಿಯುವುದರಿಂದ ಕೆಲವು ನಿಮಿಷ ಲಾಭ ಇದೆ, ಅದಕ್ಕಿಂತ ಜಾಸ್ತಿ ನಿರೀಕ್ಷೆ ಬೇಡ, ಸೊಂಟ, ಕಾಲು, ಬೆನ್ನಿಗೆ ಪೆಟ್ಟಾಗಿದ್ದರೆ ಅದೂ ಬೇಡ. ಒಂದು ಹೊದಿಕೆ ಹೊದಿಸಬೇಕು. ಇದು ಸಮಾಧಾನಕ್ಕೆ ಅಲ್ಲ, ಮೈ ತಣ್ಣಗಾದಷ್ಟೂ ರಕ್ತ ಹೆಪ್ಪುಗಟ್ಟುವುದು ನಿಧಾನ, ಸ್ರಾವ ಜಾಸ್ತಿ, ಸ್ರಾವ ಜಾಸ್ತಿಯಾದಷ್ಟೂ ಮೈ ಇನ್ನೂ ತಣ್ಣಗೆ, ಈ ಸುಳಿಗೆ ಸಿಕ್ಕಿದವರನ್ನು ಹೊರಗೆ ಎಳೆಯುವುದು ಬಹಳ ಕಷ್ಟ. ಆದರೆ ನಿಜವಾದ ನಷ್ಟ ಆಗಿದ್ದು ಬೆಳಿಗ್ಗೆಯಿಂದ ಸಂಜೆವರೆಗಿನ ಆ ಗಂಟೆಗಳು. ಕಪ್ಪು ಮಲ, ಜೊತೆಗೆ ತಣ್ಣನೆ ಬೆವರು, ಎದ್ದು ನಿಂತರೆ ತಲೆ ಸುತ್ತು, ಇಷ್ಟು ಸಾಕಿತ್ತು ಆಂಬ್ಯುಲೆನ್ಸ್ ಕರೆಯಲು. ಇದನ್ನು ದೂರಲು ಹೇಳುತ್ತಿಲ್ಲ, ಮನೆಯಲ್ಲಿ ಮೆಷಿನ್ ಇಟ್ಟುಕೊಂಡ ಎಲ್ಲರೂ ಮಾಡುವುದು ಇದನ್ನೇ.

ಹೊರಗೆ ಕಾಣುವ ಗಾಯದಿಂದ ರಕ್ತ ಹೋಗುತ್ತಿದ್ದರೆ ಮಾತ್ರ ಮನೆಯವರ ಕೈಯಲ್ಲೇ ಅರ್ಧ ಚಿಕಿತ್ಸೆ ಇದೆ. ಶುದ್ಧ ಬಟ್ಟೆ ಇಟ್ಟು ಗಟ್ಟಿಯಾಗಿ ಒತ್ತಿ, ಒತ್ತಿದ್ದನ್ನು ನಿಮಿಷಕ್ಕೊಮ್ಮೆ ಎತ್ತಿ ನೋಡಬೇಡಿ. ನೆಂದರೆ ಅದರ ಮೇಲೇ ಇನ್ನೊಂದು ಇಟ್ಟು ಇನ್ನೂ ಜೋರಾಗಿ ಒತ್ತಿ. ಚುಚ್ಚಿಕೊಂಡ ವಸ್ತುವನ್ನು ಕೀಳಬೇಡಿ. ಕೈ ಕಾಲಿನಿಂದ ಚಿಮ್ಮುತ್ತಿದ್ದು ಒತ್ತಿದರೂ ನಿಲ್ಲದಿದ್ದರೆ, ಗಾಯಕ್ಕಿಂತ ಐದಾರು ಸೆಂಟಿಮೀಟರ್ ಮೇಲೆ, ಕೀಲು ಬಿಟ್ಟು, ಅಗಲವಾದ ಪಟ್ಟಿಯಿಂದ ಬಿಗಿಯಾಗಿ ಕಟ್ಟಿ, ಕಟ್ಟಿದ ಹೊತ್ತು ಬರೆದಿಡಿ, ಆಸ್ಪತ್ರೆ ಸೇರುವ ತನಕ ಸಡಿಲ ಮಾಡಬೇಡಿ. ತೆಳು ದಾರ, ವೈರ್ ಬೇಡ, ಅದು ಚರ್ಮ ಕೊರೆಯುತ್ತದೆ, ರಕ್ತ ನಿಲ್ಲುವುದಿಲ್ಲ.

ಈಗ ಆಸ್ಪತ್ರೆಯಲ್ಲಿ ನಡೆದದ್ದಕ್ಕೆ ಬರೋಣ. ಮೂತ್ರದ ಟ್ಯೂಬ್ ಹಾಕಿದ್ದು ಮೂತ್ರದ ತೊಂದರೆಗೆ ಅಲ್ಲ. ಮೂತ್ರಪಿಂಡಕ್ಕೆ ರಕ್ತ ತಲುಪುತ್ತಿದೆಯಾ ಅಂತ ನೋಡಲು ಅದಕ್ಕಿಂತ ಪ್ರಾಮಾಣಿಕವಾದ ಮೀಟರ್ ಇಲ್ಲ. ಗಂಟೆಗೆ ಒಂದು ಕೆಜಿಗೆ ಅರ್ಧ ಮಿಲಿ, ಅಂದರೆ ನಿಮ್ಮ ತಾಯಿಗೆ 30 ಮಿಲಿ ಬಂದರೆ ನಾವು ಸ್ವಲ್ಪ ಉಸಿರಾಡುತ್ತೇವೆ.

ಸಲೈನ್ ವಿಷಯದಲ್ಲಿ ನಿಮ್ಮ ಅಣ್ಣನ ಅನುಮಾನ ಪೂರ್ತಿ ತಳಬುಡ ಇಲ್ಲದ್ದಲ್ಲ, ಅದನ್ನೂ ಒಪ್ಪಿಕೊಳ್ಳಬೇಕು. ನಾಳಕ್ಕೆ ಉಪ್ಪು ನೀರು ಹಾಕುವ ಐಡಿಯಾ ಹಳೆಯದು, 1832ರಲ್ಲೇ ಕಾಲರಾ ರೋಗಿಗಳಿಗೆ ಸ್ಕಾಟ್ಲೆಂಡಿನ ಥಾಮಸ್ ಲಟ್ಟಾ ಅನ್ನುವ ವೈದ್ಯ ಮಾಡಿ ತೋರಿಸಿದ್ದ. ನೀರು ಕಳೆದುಕೊಂಡವರಿಗೆ ಅದು ಸಂಜೀವಿನಿಯೇ. ರಕ್ತ ಕಳೆದುಕೊಂಡವರಿಗೆ ಅದು ತಾತ್ಕಾಲಿಕ ತೇಪೆ. ಸಲೈನ್ ಆಮ್ಲಜನಕ ಹೊರುವುದಿಲ್ಲ, ಹೆಪ್ಪುಗಟ್ಟಿಸುವುದಿಲ್ಲ, ಹಾಕಿದ್ದರಲ್ಲಿ ಸುಮಾರು ಮುಕ್ಕಾಲು ಪಾಲು ಒಂದೆರಡು ಗಂಟೆಯಲ್ಲಿ ನಾಳದಿಂದ ಹೊರಗೆ ಸೋರಿಹೋಗುತ್ತದೆ. ಸುಮ್ನೆ ಒಂದು ಗ್ಲೂಕೋಸ್ ಬಾಟ್ಲಿ ಹಾಕಿಸಿ ಅಂತ ಜನ ಕೇಳುತ್ತಾರಲ್ಲ, ಬರೀ ಗ್ಲೂಕೋಸ್ ನೀರಾದರೆ ಇನ್ನೂ ಕಡೆ, ಹತ್ತರಲ್ಲಿ ಒಂದು ಪಾಲೂ ನಾಳದಲ್ಲಿ ನಿಲ್ಲುವುದಿಲ್ಲ. 1994ರಲ್ಲಿ ಅಮೆರಿಕದ ಒಂದು ಅಧ್ಯಯನದಲ್ಲಿ, ಎದೆ ಹೊಟ್ಟೆಗೆ ಗುಂಡು, ಚಾಕು ಬಿದ್ದವರಿಗೆ ಆಪರೇಷನ್ ತನಕ ಸಲೈನ್ ತಡೆಹಿಡಿದಾಗ ಬದುಕಿದವರೇ ಜಾಸ್ತಿ. ಒತ್ತಡ ಏರಿಸಿದರೆ ಆಗಷ್ಟೇ ಕಟ್ಟಿದ ಹೆಪ್ಪು ಕಿತ್ತು ಬರುತ್ತದೆ, ರಕ್ತ ತೆಳುವಾಗುತ್ತದೆ. ಹಾಗಾಗಿ ಈಗ ಸ್ರಾವ ನಿಲ್ಲುವ ತನಕ ಬೀಪಿಯನ್ನು ಸ್ವಲ್ಪ ಕಡಿಮೆಯಲ್ಲೇ ಇಡುವ ಪದ್ಧತಿ ಇದೆ, ತಲೆಗೆ ಪೆಟ್ಟಾದವರನ್ನು ಬಿಟ್ಟು. ಹಾಗಂತ ಕುಸಿದು ಬಿದ್ದವರಿಗೆ ರಕ್ತ ಸಿದ್ಧವಾಗುವ ತನಕ ಏನೂ ಹಾಕದೇ ಕೂರಲು ಆಗುತ್ತದಾ? ಮಿದುಳು, ಹೃದಯ ಕಾಯುವುದಿಲ್ಲ. ಅಲ್ಲಿ ಮಾಡಿದ್ದು ಎರಡು ಅಪಾಯಗಳ ನಡುವಿನ ಆಯ್ಕೆ.

ರಕ್ತ ಯಾವಾಗ ಹಾಕಬೇಕು ಅನ್ನುವುದೂ ಇಷ್ಟೇ ನಾಜೂಕು. ಒಂದು ಕಾಲಕ್ಕೆ ಹಿಮೋಗ್ಲೋಬಿನ್ 10ಕ್ಕಿಂತ ಕಡಿಮೆ ಅಂದರೆ ಹಾಕುತ್ತಿದ್ದೆವು. 2013ರಲ್ಲಿ ಸ್ಪೇನ್‌ನಲ್ಲಿ ನಿಮ್ಮ ತಾಯಿಯ ಹಾಗೆಯೇ ಜಠರದ ಭಾಗದಿಂದ ರಕ್ತ ಹೋದವರ ಮೇಲೆ ನಡೆದ ಅಧ್ಯಯನದಲ್ಲಿ, 7ಕ್ಕಿಂತ ಕೆಳಗೆ ಬಂದಾಗ ಮಾತ್ರ ರಕ್ತ ಕೊಟ್ಟ ಗುಂಪಿನಲ್ಲಿ ಸಾವು ಕಡಿಮೆ ಇತ್ತು, 9ಕ್ಕಿಂತ ಕೆಳಗಾದಾಗಲೇ ಕೊಟ್ಟ ಗುಂಪಿನಲ್ಲಿ ಜಾಸ್ತಿ. ಭಾರಿ ಪ್ರಮಾಣದಲ್ಲಿ ರಕ್ತ ಹರಿಯುತ್ತಿದ್ದವರನ್ನು ಅದರಲ್ಲಿ ಸೇರಿಸಿರಲಿಲ್ಲ, ಅಂಥವರಿಗೆ ಸಂಖ್ಯೆ ನೋಡುತ್ತಾ ಕೂರುವ ಹಾಗಿಲ್ಲ. ಹೃದಯದ ಕಾಯಿಲೆ ಇದ್ದವರಿಗೆ ಗೆರೆ ಸ್ವಲ್ಪ ಮೇಲೆ. 10.4 ಇದ್ದಾಗ ಕಾದು 6.8ಕ್ಕೆ ಕೊಟ್ಟಿದ್ದರೆ ಅದು ಉದಾಸೀನ ಅಲ್ಲ.

ರಕ್ತ ನಿಲ್ಲಿಸುವ ಇಂಜೆಕ್ಷನ್ ಅಂತ ನೀವು ಕೇಳಿದ್ದು ಟ್ರಾನೆಕ್ಸಾಮಿಕ್ ಆಸಿಡ್ ಇರಬೇಕು. ಅಪಘಾತದಲ್ಲಿ, ಗಾಯವಾದ 3 ಗಂಟೆಯೊಳಗೆ ಕೊಟ್ಟರೆ ಜೀವ ಉಳಿಸುತ್ತದೆ, 2010ರಲ್ಲಿ 20,000ಕ್ಕೂ ಜಾಸ್ತಿ ರೋಗಿಗಳ ಅಧ್ಯಯನ ಅದನ್ನು ತೋರಿಸಿತು. ಹೆರಿಗೆ ನಂತರದ ರಕ್ತಸ್ರಾವದಲ್ಲಿ, ಅದೇ 3 ಗಂಟೆಯೊಳಗೆ, ಉಪಯೋಗ ಇದೆ ಅಂತ 2017ರಲ್ಲಿ ಗೊತ್ತಾಯಿತು. ಹಾಗಾದರೆ ಹೊಟ್ಟೆಯ ಹುಣ್ಣಿಗೂ ಕೆಲಸ ಮಾಡಬೇಕು ಅಂತ ನಾವೆಲ್ಲ ಅಂದುಕೊಂಡು ಕೊಡುತ್ತಲೂ ಇದ್ದೆವು. 2020ರಲ್ಲಿ ಬಂದ ದೊಡ್ಡ ಅಧ್ಯಯನ ಬೇರೆಯೇ ಹೇಳಿತು, ಜಠರ ಕರುಳಿನ ರಕ್ತಸ್ರಾವದಲ್ಲಿ ಸಾವು ಕಡಿಮೆ ಆಗಲಿಲ್ಲ, ಬದಲಿಗೆ ಕಾಲಿನ, ಶ್ವಾಸಕೋಶದ ನಾಳಗಳಲ್ಲಿ ಹೆಪ್ಪುಗಟ್ಟುವುದು ಸ್ವಲ್ಪ ಜಾಸ್ತಿಯಾಯಿತು. ಬೇಡ ಅಂದ ವೈದ್ಯರು ಹೊಸದನ್ನು ಓದಿಕೊಂಡವರೇ. ನಿಮ್ಮ ತಾಯಿಗೆ ರಕ್ತ ನಿಲ್ಲಿಸುವ ನಿಜವಾದ ಚಿಕಿತ್ಸೆ ಎಂಡೋಸ್ಕೋಪಿಯೇ, ಒಳಗಿಂದ ಕ್ಲಿಪ್ ಹಾಕುವುದು, ಬಿಸಿ ಕೊಟ್ಟು ಮುಚ್ಚುವುದು.

ಇನ್ನು ಮುಂದೆ. ಮೆಟೊಪ್ರೊಲಾಲನ್ನು ನೀವಾಗಿ ನಿಲ್ಲಿಸಬೇಡಿ. ರಕ್ತ ಹೋಗುತ್ತಿದ್ದಾಗ ಅದನ್ನು ತಡೆಹಿಡಿಯುವುದು ಸರಿ, ಆದರೆ ವರ್ಷಗಟ್ಟಲೆ ತೆಗೆದುಕೊಂಡಿದ್ದನ್ನು ಒಮ್ಮೆಲೇ ಬಿಟ್ಟರೆ ನಾಡಿ, ಬೀಪಿ ಚಿಮ್ಮುತ್ತವೆ, ಹೃದಯದ ತೊಂದರೆ ಇದ್ದವರಿಗೆ ಎದೆನೋವೂ ಬರಬಹುದು. ಯಾವಾಗ, ಎಷ್ಟು ಶುರು ಮಾಡಬೇಕು ಅಂತ ಡಿಸ್ಚಾರ್ಜ್ ಕಾಗದದಲ್ಲಿ ಬರೆದಿಲ್ಲದಿದ್ದರೆ ಇವತ್ತೇ ಫೋನ್ ಮಾಡಿ ಕೇಳಿ. ನಿಲ್ಲಿಸಬೇಕಾದದ್ದು ಡೈಕ್ಲೋಫೆನಾಕ್. ಅದರ ಅಣ್ಣ ತಮ್ಮಂದಿರಾದ ಐಬುಪ್ರೊಫೆನ್, ಅಸೆಕ್ಲೋಫೆನಾಕ್, ನೆಪ್ರಾಕ್ಸೆನ್ ಕೂಡ, ಹೆಸರು ಬೇರೆ ಆದ ಮಾತ್ರಕ್ಕೆ ಹೊಟ್ಟೆಗೆ ವ್ಯತ್ಯಾಸ ಆಗುವುದಿಲ್ಲ. ಮಂಡಿಗೆ ಮೊದಲು ಪ್ಯಾರಾಸಿಟಮಾಲ್, ಮೇಲೆ ಹಚ್ಚುವ ಜೆಲ್, ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮ. ಇವುಗಳಿಂದ ನೋವು ಪೂರ್ತಿ ಹೋಗದೇ ಇರಬಹುದು, ಅದು ಇವುಗಳ ಮಿತಿ. ಏನೂ ಆಗಲ್ಲ ಅಂದರೆ ಸೆಲೆಕಾಕ್ಸಿಬ್ ಅನ್ನುವ ಇನ್ನೊಂದು ನೋವಿನ ಮಾತ್ರೆಯ ಜೊತೆ ಆಮ್ಲ ತಗ್ಗಿಸುವ ಮಾತ್ರೆ ಕೊಡುವುದುಂಟು, ಆದರೆ ಅದಕ್ಕೆ ಹೃದಯ, ಮೂತ್ರಪಿಂಡದ ಅಪಾಯ ಅಂಟಿಕೊಂಡಿದೆ, ಬೀಪಿ ಇರುವವರಲ್ಲಿ ನಾನು ಹಿಂದೆಮುಂದೆ ನೋಡುತ್ತೇನೆ. ಆಸ್ಪಿರಿನ್ ಏನಾದರೂ ತೆಗೆದುಕೊಳ್ಳುತ್ತಿದ್ದರೆ ಅದರ ತೀರ್ಮಾನವನ್ನು ಹೃದಯದ ವೈದ್ಯರಿಗೇ ಬಿಡಿ.

ಹೆಲಿಕೊಬ್ಯಾಕ್ಟರ್ ಪೈಲೊರಿ ಪರೀಕ್ಷೆ ಆಗಿದೆಯಾ ಕೇಳಿ. ಹುಣ್ಣಿಗೆ ನೋವಿನ ಮಾತ್ರೆ ಒಂದು ಕಾರಣವಾದರೆ ಈ ಬ್ಯಾಕ್ಟೀರಿಯಾ ಇನ್ನೊಂದು, ಎರಡೂ ಸೇರಿದರೆ ಹುಣ್ಣು ಮತ್ತೆ ಬರುವ ಸಾಧ್ಯತೆ ಜಾಸ್ತಿ. ರಕ್ತ ಹೋಗುತ್ತಿದ್ದಾಗ ಮಾಡಿದ ಪರೀಕ್ಷೆ ಸುಳ್ಳು ನೆಗೆಟಿವ್ ತೋರಿಸಬಹುದು, ಹಾಗಾಗಿ ನೆಗೆಟಿವ್ ಬಂದಿದ್ದರೆ ಇನ್ನೊಮ್ಮೆ ಮಾಡಿಸುವುದು ವಾಸಿ.

ಮಗುವಿನ ಪ್ರಶ್ನೆಗೆ ಉತ್ತರ ಹೌದು. ವಾಂತಿ ಭೇದಿಯಿಂದ ಇದೇ ಶಾಕ್ ಆಗುತ್ತದೆ, ಮತ್ತು ಬೇಗ ಆಗುತ್ತದೆ. 12 ಕೆಜಿ ಮಗುವಿನ ಇಡೀ ಮೈಯಲ್ಲಿ ರಕ್ತ ಒಂದು ಲೀಟರಿಗೂ ಕಡಿಮೆ. ಮಕ್ಕಳ ನಾಳಗಳು ಎಷ್ಟು ಚೆನ್ನಾಗಿ ಬಿಗಿಯುತ್ತವೆ ಅಂದರೆ ಬೀಪಿ ಬಹಳ ಹೊತ್ತು ಗಟ್ಟಿಯಾಗಿ ನಿಂತಿದ್ದು, ಬೀಳುವಾಗ ಒಮ್ಮೆಲೇ ಬೀಳುತ್ತದೆ. ಆದ್ದರಿಂದ ಮಗುವನ್ನು ನೋಡಿ. ಅಳುವಾಗ ಕಣ್ಣೀರು ಬರುತ್ತಿದೆಯಾ, ಬಾಯಿ ಒಣಗಿದೆಯಾ, ಕಣ್ಣು ಗುಳಿ ಬಿದ್ದಿದೆಯಾ, ಆರೇಳು ಗಂಟೆಯಿಂದ ಮೂತ್ರ ಆಗಿಲ್ಲವಾ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ನಿಧಾನವಾಗಿ ಇಳಿಯುತ್ತದಾ. ಎದೆಮೂಳೆಯ ಮೇಲೆ ಬೆರಳಿಂದ ಐದು ಸೆಕೆಂಡ್ ಒತ್ತಿ ಬಿಡಿ, ಬಿಳಿಯಾದ ಜಾಗ ಎರಡು ಸೆಕೆಂಡಿನಲ್ಲಿ ಬಣ್ಣಕ್ಕೆ ಬರಬೇಕು. ಮಂಕಾಗಿ ಬಿದ್ದುಕೊಂಡಿದ್ದರೆ, ಕೈಕಾಲು ತಣ್ಣಗಿದ್ದರೆ, ಕುಡಿಯಲೂ ಆಗದಿದ್ದರೆ ಮನೆಮದ್ದು ನಿಲ್ಲಿಸಿ, ಆಸ್ಪತ್ರೆಗೆ ಹೊರಡಿ.

ಅಲ್ಲಿಯವರೆಗೆ ಹೋಗದ ಹಾಗೆ ನೋಡಿಕೊಳ್ಳುವುದು ಮಾತ್ರ ನಿಮ್ಮ ಕೈಯಲ್ಲಿದೆ. ಇಲ್ಲಿ ಬಾಯಿಗೆ ಏನೂ ಕೊಡಬೇಡಿ ಅನ್ನುವ ಮಾತಿಲ್ಲ, ತದ್ವಿರುದ್ಧ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ ಸಲೈನ್ ಮುಗಿದುಹೋದಾಗ ಡಾ. ದಿಲೀಪ್ ಮಹಾಲನಬಿಸ್ ಉಪ್ಪು, ಸಕ್ಕರೆ, ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ಕಲಸಿ ಮನೆಯವರ ಕೈಯಿಂದಲೇ ಕುಡಿಸಿದರು, ಶೇ 30ರ ಹತ್ತಿರ ಇದ್ದ ಸಾವು ಶೇ 3.6ಕ್ಕೆ ಇಳಿಯಿತು. ಕರುಳಿನಲ್ಲಿ ಸಕ್ಕರೆ ಉಪ್ಪನ್ನು ಕೈಹಿಡಿದು ಒಳಗೆ ಕರೆದೊಯ್ಯುತ್ತದೆ, ಉಪ್ಪಿನ ಹಿಂದೆ ನೀರು ಹೋಗುತ್ತದೆ, ಭೇದಿ ಇದ್ದಾಗಲೂ ಈ ದಾರಿ ಮುಚ್ಚುವುದಿಲ್ಲ. ಓಆರ್‌ಎಸ್ ಪೊಟ್ಟಣದ ಮೇಲೆ ಬರೆದಷ್ಟೇ ನೀರು ಹಾಕಿ. ಗಟ್ಟಿ ಮಾಡಿದರೆ ಶಕ್ತಿ ಜಾಸ್ತಿ ಅಂತ ಅರ್ಧ ನೀರಿಗೆ ಒಂದು ಪೊಟ್ಟಣ ಕಲಸಿ ಕೊಟ್ಟು, ರಕ್ತದಲ್ಲಿ ಉಪ್ಪು ಏರಿ ಫಿಟ್ಸ್ ಬಂದ ಮಕ್ಕಳನ್ನು ನೋಡಿದ್ದೇನೆ. ಎರಡು ವರ್ಷದ ಮಗುವಿಗೆ ಪ್ರತಿ ಭೇದಿಗೆ 100ರಿಂದ 200 ಮಿಲಿ, ಚಮಚದಲ್ಲಿ, ಸಣ್ಣ ಗುಟುಕಿನಲ್ಲಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ನಿಧಾನವಾಗಿ. ಬಾಟಲಿ ಜ್ಯೂಸ್, ಸಿಹಿ ಸೋಡಾ ಬೇಡವೇ ಬೇಡ, ಅತಿ ಸಕ್ಕರೆ ಕರುಳಿಗೆ ನೀರು ಎಳೆದು ಭೇದಿ ಜಾಸ್ತಿ ಮಾಡುತ್ತದೆ.

ಕೊನೆಯದಾಗಿ ನೀವು ಕೇಳದ, ಆದರೆ ಈ ವಾರದಲ್ಲೇ ನಿಮ್ಮನ್ನು ಹೆದರಿಸಬಹುದಾದ ಒಂದು ವಿಷಯ. ಕಳೆದುಹೋದ ರಕ್ತ ಕಟ್ಟಿಕೊಳ್ಳಲು ನಿಮ್ಮ ತಾಯಿಗೆ ಕಬ್ಬಿಣದ ಮಾತ್ರೆ ಕೊಟ್ಟಿರುತ್ತಾರೆ, ತಿಂಗಳುಗಟ್ಟಲೆ ಬೇಕಾಗುತ್ತದೆ. ಅದರಿಂದಲೂ ಮಲ ಕಪ್ಪಾಗುತ್ತದೆ. ಆ ಕಪ್ಪು ಸ್ವಲ್ಪ ಹಸಿರು ಬೆರೆತ ಹಾಗೆ, ಗಟ್ಟಿಯಾಗಿ, ಎಂದಿನ ವಾಸನೆಯಲ್ಲೇ ಇರುತ್ತದೆ. ರಕ್ತದ ಕಪ್ಪು ಟಾರಿನಂತೆ ಹೊಳೆಯುತ್ತದೆ, ಅಂಟುತ್ತದೆ, ನೀರು ಸುರಿದರೂ ಸುಲಭಕ್ಕೆ ಬಿಡುವುದಿಲ್ಲ, ವಾಸನೆ ಬಾಗಿಲ ಹೊರಗೂ ಬರುತ್ತದೆ. ಯಾವುದು ಅಂತ ಗೊತ್ತಾಗದಿದ್ದರೆ ಬೀಪಿ ಮೆಷಿನ್ ಹುಡುಕುವ ಮೊದಲು ಅವರ ಅಂಗೈ ಮುಟ್ಟಿ, ತಣ್ಣಗೆ ಬೆವರಿದೆಯಾ ನೋಡಿ, ಎದ್ದು ನಿಂತರೆ ತಲೆ ಸುತ್ತುತ್ತದಾ ಕೇಳಿ. ಎರಡರಲ್ಲಿ ಒಂದು ಹೌದು ಅಂದರೂ ಮಲಗಿಸಿ, ಆಂಬ್ಯುಲೆನ್ಸಿಗೆ ಫೋನ್ ಮಾಡಿ, ಮೆಟೊಪ್ರೊಲಾಲ್ ತೆಗೆದುಕೊಳ್ಳುತ್ತಾರೆ ಅಂತ ಬಂದವರಿಗೆ ಮೊದಲೇ ಹೇಳಿ.